ಕವಚದೊಳಗಿನ ಕಾಳು

ಹಸಿವನ್ನು ಕೊಟ್ಟವನೂ ಅವನೇ, ಹಸಿದವನ ಮುಂದೆ ತುತ್ತು ಹಿಡಿಯುವ ಕೈಯನ್ನು ಕೊಟ್ಟವನೂ ಅವನೇ. ಆ ಒಡೆಯನ ಪಾದಕ್ಕೆ ಮೊದಲ ಶರಣು. ಕಂಡದ್ದನ್ನು ಹೇಳುವ ಧೈರ್ಯವನ್ನು ನಾಲಿಗೆಗೆ ಅವನು ಕೊಡಲಿ. ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ತಾಳ್ಮೆಯನ್ನು ಕಿವಿಗೆ ಅವನೇ ಕೊಡಲಿ. ಅವನ ನೆರಳಿನಲ್ಲಿ ಕುಳಿತು ಈ ಕತೆ ಹೇಳುತ್ತೇನೆ.

ರೇವಯ್ಯ ಎಂಬ ಶಿಷ್ಯ ಗುರುಗಳ ಬಳಿಗೆ ಬಂದು ಅಡ್ಡಬಿದ್ದ. ಮಠದಲ್ಲಿ ಅವನ ಓದು ಮುಗಿದಿತ್ತು. ಅವನ ಸೀಮೆಯ ಒಡೆಯರು ಅವನನ್ನು ಕರೆಸಿಕೊಂಡಿದ್ದರು. ಗಡಿಯಲ್ಲಿ ದಂಡು ಸೇರುತ್ತಿತ್ತು. ದಂಡಿಗೆ ಬೇಕಾದ ಹಗ್ಗ, ಡೇರೆ, ಜೀನುಗಳ ಕೆಲಸವನ್ನು ಊರೂರಿಗೆ ಹಂಚಿ ಮಾಡಿಸುವ ಹೊಣೆ ಅವನ ಹೆಗಲಿಗೆ ಬಂದಿತ್ತು. ಹೊರಡುವ ಮೊದಲು ಒಂದು ಮಾತು ಕೇಳಿದ.

"ಗುರುಗಳೆ, ಕೆಲಸ ಸ್ವಲ್ಪ, ಕೈಗಳು ಬಹಳ. ಕೆಲವು ಊರುಗಳಲ್ಲಿ ಕೆಲಸ ಬಲ್ಲವರಿದ್ದಾರೆ, ಅವರ ಹೊಟ್ಟೆ ತುಂಬಿದೆ. ಕೆಲವು ಊರುಗಳಲ್ಲಿ ಕೆಲಸವಿಲ್ಲದೆ ಕುಳಿತವರಿದ್ದಾರೆ, ಅವರ ಒಲೆ ಆರಿದೆ. ನಾನು ಯಾರಿಗೆ ಕೊಡಲಿ? ಬಲ್ಲವನಿಗೋ, ಹಸಿದವನಿಗೋ?"

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯವಿತ್ತು. ಅಲ್ಲಿ ಒಬ್ಬ ಪಾರುಪತ್ಯಗಾರನಿದ್ದ. ಅರಮನೆಗೆ ಬೇಕಾದದ್ದನ್ನು ಎಲ್ಲಿ ಮಾಡಿಸಬೇಕು, ಯಾರಿಂದ ಮಾಡಿಸಬೇಕು ಎಂದು ನೋಡುವುದು ಅವನ ಕೆಲಸ. ದೇವರಿಗೆ ಅಂಜಿ ನಡೆಯುವವನು. ಊಟಕ್ಕೆ ಕುಳಿತರೆ ಮೊದಲ ತುತ್ತನ್ನು ಹೊರಗೆ ಕಾದು ಕುಳಿತವರಿಗೆ ಎತ್ತಿಟ್ಟು ಆಮೇಲೆ ಉಣ್ಣುವವನು. ಕೆಟ್ಟವನನ್ನು ಹುಡುಕಿಕೊಂಡು ಭಯ ಬಂದರೆ ಅದು ದೊಡ್ಡ ಕತೆಯಲ್ಲ. ಇಂಥವನನ್ನು ಹುಡುಕಿಕೊಂಡು ಬಂತು.

ಬಡಗಣ ಗಡಿಯಲ್ಲಿ ಶತ್ರು ಕಾಣಿಸಿಕೊಂಡ. ಕಣಿವೆಯ ದಾರಿ ಮುಚ್ಚಿತು. ಆ ದಾರಿಯಲ್ಲಿ ಬಂದು ಸೀರೆ, ಪಂಚೆ ಕೊಳ್ಳುತ್ತಿದ್ದ ವರ್ತಕರು ಬರುವುದನ್ನು ಬಿಟ್ಟರು. ಮೂಡಣ ಸೀಮೆಯಲ್ಲಿ ಮನೆಗೊಂದು ಮಗ್ಗ. ನೇಯ್ದದ್ದನ್ನು ಕೇಳುವವರಿಲ್ಲದೆ ಮಗ್ಗಗಳು ನಿಂತವು. ಕಸುವಿದ್ದ ಗಂಡುಮಕ್ಕಳು ಎರಡು ಹೊತ್ತಿನ ಊಟ ಸಿಗುತ್ತದೆಂದು ದಂಡಿಗೆ ಸೇರಿದರು. ಉಳಿದವರು ಬಾಗಿಲು ಮುಚ್ಚಿಕೊಂಡು ಒಳಗೆ ಕುಳಿತರು. ಬೇಡುವುದು ಅವರಿಗೆ ಗೊತ್ತಿರಲಿಲ್ಲ.

ಪಾರುಪತ್ಯಗಾರ ಆ ಸೀಮೆಯನ್ನು ನೋಡಲು ಹೋದ. ಒಂದು ಮನೆಯ ಅಂಗಳದಲ್ಲಿ ಒಬ್ಬ ತಾಯಿ ಕೊಡಲಿ ಹಿಡಿದು ಮಗ್ಗದ ತೊಲೆಯನ್ನು ಸೀಳುತ್ತಿದ್ದಳು. ಅವನು ಗಾಬರಿಯಿಂದ ಕುದುರೆ ಇಳಿದು, ಇದೇನು ಮಾಡುತ್ತಿದ್ದೀಯ ತಾಯಿ ಎಂದು ತಡೆದ. ಅವಳು ಕೊಡಲಿ ಕೆಳಗಿಡಲಿಲ್ಲ.

"ಇಷ್ಟ ದಿನ ಅನ್ನ ದುಡದು ಹಾಕ್ತು. ಈಗ ದುಡಿಯೂದು ಬಿಟ್ಟೈತಿ. ಬೇಯಿಸೂದಾದ್ರೂ ಬೇಯಿಸಲಿ ಬಿಡ್ರಿ, ಯಪ್ಪಾ," ಎಂದಳು.

ನಗುತ್ತಲೇ ಹೇಳಿದಳು. ಅವನು ಹೆದರಿದ್ದು ಆ ನಗುವಿಗೆ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಒಲೆಗೆ ಹೋದ ಮಗ್ಗ ಮತ್ತೆ ಮನೆಗೆ ಬರುವುದಿಲ್ಲ, ಕೈ ಮರೆತ ಕಸುಬು ಮತ್ತೆ ಕೈಗೆ ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಕುದುರೆ ಏರಿ ಹೊರಟಾಗ ಪಕ್ಕದ ಕೇರಿಯಲ್ಲಿ ಕೊಡಲಿಯ ಸದ್ದು ಕೇಳಿಸಿತು. ಅದರಾಚೆ ಇನ್ನೊಂದು. ಊರು ದಾಟುವವರೆಗೂ ಆ ಸದ್ದು ಅವನ ಬೆನ್ನು ಬಿಡಲಿಲ್ಲ.

ಅದೇ ವೇಳೆಗೆ ದಂಡಿಗೆ ಕವಚಗಳು ಬೇಕಾದವು. ಕವಚವೆಂದರೆ ಕಬ್ಬಿಣದ್ದಲ್ಲ. ಬಟ್ಟೆಯನ್ನು ಪದರದ ಮೇಲೆ ಪದರ ಇಟ್ಟು, ನಡುವೆ ಹತ್ತಿ ತುಂಬಿ, ಒತ್ತೊತ್ತಾಗಿ ಹೊಲಿದ ದಪ್ಪ ಅಂಗಿ. ಬಂದ ಬಾಣ ಹತ್ತಿಯಲ್ಲಿ ಸಿಕ್ಕಿಕೊಳ್ಳಬೇಕು, ಮೈ ಮುಟ್ಟಬಾರದು. ಅದನ್ನು ಹೊಲಿಯುವುದಕ್ಕೆ ರಾಜಧಾನಿಯಲ್ಲಿ ಸಿಂಪಿಗರ ಒಂದು ಬೀದಿಯೇ ಇತ್ತು. ಅಜ್ಜನ ಕಾಲದಿಂದ ಅವರಿಗೆ ಅದೇ ಕಸುಬು. ಅರಮನೆಯ ಉಡುಪು, ಆನೆಯ ಜೂಲು, ಪಲ್ಲಕ್ಕಿಯ ಪರದೆ ಎಂದು ಅವರಿಗೆ ವರ್ಷವಿಡೀ ಕೆಲಸವಿತ್ತು.

ಪಾರುಪತ್ಯಗಾರ ಸಭೆಯಲ್ಲಿ ಕೈಮುಗಿದು ನಿಂತ. ಈ ಸಲ ಕವಚದ ಕೆಲಸವನ್ನು ಮೂಡಣ ಸೀಮೆಗೆ ಕೊಡಬೇಕು ಎಂದು ಬೇಡಿಕೊಂಡ. ಅಲ್ಲಿಯ ಹೆಂಗಸರು ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ, ಕವಚವೆಂದರೆ ತೋಳಿರುವ ಕೌದಿಯಲ್ಲದೆ ಮತ್ತೇನು ಎಂದ. ಮಗ್ಗಗಳು ಒಲೆಗೆ ಹೋಗುತ್ತಿರುವುದನ್ನೂ ಹೇಳಿದ.

ದಳವಾಯಿ ಒರಟ. ಆದರೆ ತನ್ನ ಆಳುಗಳ ಹೆಸರು ಹಿಡಿದು ಕರೆಯುವವನು. ಅವನು ಎದ್ದು ನಿಂತ.

"ಪಾರುಪತ್ಯಗಾರರೆ, ಹಸಿದವರಿಗೆ ಅನ್ನ ಹಾಕಬೇಕಾದರೆ ಛತ್ರ ಕಟ್ಟಿಸಿ, ನಾನೂ ಒಂದು ಚೀಲ ಅಕ್ಕಿ ಕಳಿಸುತ್ತೇನೆ. ನನ್ನ ಹುಡುಗರ ಎದೆಯ ಮೇಲೆ ಯಾಕೆ ಒಲೆ ಹೂಡುತ್ತೀರಿ?"

ಸಭೆಯಲ್ಲಿ ಕೆಲವರು ನಕ್ಕರು. ರಾಜ ನಗಲಿಲ್ಲ. ಇಬ್ಬರ ಮಾತನ್ನೂ ತೂಗಿ ನೋಡಿ, ಕೆಲಸ ಮೂಡಣ ಸೀಮೆಗೆ ಹೋಗಲಿ ಎಂದ. ದಳವಾಯಿ ಒಂದು ನಿಬಂಧನೆ ಹಾಕಿದ. ಮೂಡಣದ ಕವಚಗಳನ್ನು ಮೂಡಣದ ಹುಡುಗರೇ ತೊಡಲಿ, ತೊಟ್ಟು ಮೊದಲ ಸಾಲಿನಲ್ಲಿ ನಿಲ್ಲಲಿ, ಮಗನಿಗೆ ಹೊಲಿಯುವ ತಾಯಿ ಸೂಜಿಯಲ್ಲಿ ಮೋಸ ಮಾಡುವುದಿಲ್ಲ ಎಂದ. ರಾಜ ಅದಕ್ಕೂ ತಲೆಯಾಡಿಸಿ ಪಾರುಪತ್ಯಗಾರನ ಕಡೆ ನೋಡಿದ. ಕವಚ ಸೋತರೆ ಉತ್ತರ ಹೇಳುವ ತಲೆ ಯಾವುದು ಎಂಬುದು ಆ ನೋಟದಲ್ಲೇ ಇತ್ತು.

ಬಂಡಿಗಳಲ್ಲಿ ಹತ್ತಿ ಹೋಯಿತು, ಬಟ್ಟೆ ಹೋಯಿತು. ಅಳತೆ, ಕತ್ತರಿಕೆ ತೋರಿಸಿಕೊಡಲು ರಾಜಧಾನಿಯಿಂದ ಒಬ್ಬ ವಯಸ್ಸಾದ ಸಿಂಪಿಗನನ್ನು ಪಾರುಪತ್ಯಗಾರನೇ ಕರೆದುಕೊಂಡು ಹೋದ. ಹೆಂಗಸರು ಒಮ್ಮೆ ನೋಡಿ ಕಲಿತರು. ಜಗಲಿಗಳಲ್ಲಿ ಸಾಲಾಗಿ ಕುಳಿತು ಹೊಲಿದರು. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಸಿಂಪಿಗ ಒಂದು ಕವಚವನ್ನು ಬೆಳಕಿಗೆ ಹಿಡಿದು ನೋಡಿ ಒಂದು ತಪ್ಪೂ ಕಾಣದೆ ಕೆಳಗಿಟ್ಟ.

ಮಗ್ಗ ಸೀಳುತ್ತಿದ್ದ ಆ ತಾಯಿಯೂ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಪಕ್ಕದ ಮೊರದಿಂದ ಒಂದು ಚಿಟಿಕೆ ಜೋಳ, ಒಂದು ಚೂರು ಬೆಲ್ಲ ತೆಗೆದು, ಎದೆಯ ಎಡಭಾಗಕ್ಕೆ ಹತ್ತಿಯ ನಡುವೆ ಸೇರಿಸಿದಳು. ಆ ಸೀಮೆಯಲ್ಲಿ ಅದು ಹಿಂದಿನಿಂದ ನಡೆದುಬಂದ ಪದ್ಧತಿ. ಹೊಸ ಕೌದಿಯನ್ನು ಬರಿಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಪಾರುಪತ್ಯಗಾರ ಏನೆಂದು ಕೇಳಿದ್ದಕ್ಕೆ ಅವಳು, ಹಸಿದ ಕೌದಿ ಹೊದ್ದವನನ್ನು ಕಾಯುವುದಿಲ್ಲ, ಈ ಅಂಗಿಗಂತೂ ಕಾಯುವುದೊಂದೇ ಕೆಲಸವಲ್ಲವೇ ಎಂದಳು. ಅವಳ ಮನೆಯಲ್ಲಿ ಕಾಳು ಕಂಡು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಅದರಲ್ಲೂ ಒಂದು ಚಿಟಿಕೆ ಅಂಗಿಗೆ ಕೊಡುತ್ತಿದ್ದಳು. ಅವನ ಕಣ್ಣು ತುಂಬಿತು. ಆ ಕವಚವನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

ಸಿಂಪಿಗ ಅವನನ್ನು ಪಕ್ಕಕ್ಕೆ ಕರೆದ. ಕವಚದೊಳಗೆ ಹತ್ತಿ ಬಿಟ್ಟು ಬೇರೇನೂ ಇರಬಾರದು, ಇದನ್ನು ಬಿಡಿಸಿ ಎಂದ. ಯಾಕೆ ಎಂದು ಪಾರುಪತ್ಯಗಾರ ಕೇಳಿದ. ಸಿಂಪಿಗನಿಗೆ ಗೊತ್ತಿರಲಿಲ್ಲ. ನಮ್ಮ ಹಿರಿಯರು ಹಾಗೆ ಹೇಳಿದ್ದಾರೆ ಎಂದಷ್ಟೇ ಹೇಳಿದ. ಪಾರುಪತ್ಯಗಾರ ಮುಗುಳ್ನಕ್ಕ. ಕೆಲಸ ತನ್ನ ಬೀದಿ ಬಿಟ್ಟು ಬಂತೆಂಬ ಹೊಟ್ಟೆಯುರಿ ಮುದುಕನಿಂದ ಹೀಗೆ ಮಾತಾಡಿಸುತ್ತಿದೆ ಎಂದುಕೊಂಡ. ಅವನಿಗೆ ಶಾಲು ಹೊದಿಸಿ, ದಾರಿಗೆ ಬುತ್ತಿ ಕಟ್ಟಿಸಿ ಕಳಿಸಿಕೊಟ್ಟ. ದೇವರು ಎಚ್ಚರಿಸುವುದು ಯಾರ ಬಾಯಿಂದಲಾದರೂ ಸರಿ. ಅಂದು ಕಾರಣ ತಿಳಿಯದವನ ಬಾಯಿಂದ ಎಚ್ಚರಿಸಿದ. ಕೇಳಿಸಿಕೊಳ್ಳುವ ಕಿವಿ ಕರುಣೆಯಿಂದ ತುಂಬಿಹೋಗಿತ್ತು.

ಮೂಡಣ ಸೀಮೆಯ ಮಾಡುಗಳಲ್ಲಿ ಮತ್ತೆ ಹೊಗೆ ಎದ್ದಿತು. ಕೊಡಲಿಗಳು ಮೂಲೆ ಸೇರಿದವು. ಸಂಜೆ ದೀಪ ಹಚ್ಚುವಾಗ ಹೆಂಗಸರು ಪಾರುಪತ್ಯಗಾರನ ಹೆಸರು ಹೇಳಿ ಕೈಮುಗಿಯುತ್ತಾರೆ ಎಂಬ ಸುದ್ದಿ ಅವನವರೆಗೂ ಬಂತು. ಅವನು ದೇವರ ಮುಂದೆ ಕುಳಿತು, ಇದು ನಿನ್ನದು, ನನ್ನದಲ್ಲ ಎಂದ. ಆದರೂ ಒಳಗೆ ಸ್ವಲ್ಪ ಹಿಗ್ಗಿದ.

ಕವಚಗಳನ್ನು ಗಡಿಯ ಕೋಟೆಗೆ ಸಾಗಿಸಿ ಅಲ್ಲಿಯ ಉಗ್ರಾಣದಲ್ಲಿ ಒಟ್ಟಿದರು. ಮಳೆಗಾಲ ಬಂತು. ಮಳೆಗಾಲದಲ್ಲಿ ಯಾರೂ ಯುದ್ಧ ಮಾಡುವುದಿಲ್ಲ. ಉಗ್ರಾಣದ ಬಾಗಿಲು ಮುಚ್ಚಿಯೇ ಇತ್ತು.

ಮಳೆ ನಿಂತು ದಾರಿ ಒಣಗಿದ ಮೇಲೆ ಶತ್ರು ಕಣಿವೆ ದಾಟಿದ ಸುದ್ದಿ ಬಂತು. ಉಳಿದಿದ್ದ ಕಡೆಯ ಬಂಡಿ ಕವಚಗಳನ್ನೂ ಮಿಕ್ಕ ಹತ್ತಿಯ ಮೂಟೆಗಳನ್ನೂ ಹೇರಿಕೊಂಡು ಪಾರುಪತ್ಯಗಾರನೇ ಕೋಟೆಗೆ ಬಂದ. ಬಂದದ್ದು ನಡುಮಧ್ಯಾಹ್ನ. ಸಂಜೆಗೆ ಕವಚ ಹಂಚಬೇಕು, ಮರುದಿನ ಬೆಳಕು ಹರಿಯುವಾಗ ದಂಡು ಕೋಟೆಯಿಂದ ಇಳಿಯಬೇಕು ಎಂದು ದಳವಾಯಿಯ ಆಜ್ಞೆಯಾಗಿತ್ತು.

ಉಗ್ರಾಣದವನು ಬೀಗ ತೆಗೆದ. ಬಾಗಿಲು ದೂಡಿದಾಗ ಒಳಗಿನ ಕತ್ತಲಲ್ಲಿ ಒಂದು ಸದ್ದು. ಒಣಗಿದ ತೊಗರಿ ಕಟ್ಟನ್ನು ಯಾರೋ ಎಳೆದುಕೊಂಡು ಹೋದ ಹಾಗೆ ಸರಸರ ಎಂದಿತು. ಆಮೇಲೆ ನಿಂತಿತು.

"ಇಲಿ, ಸ್ವಾಮಿ," ಎಂದ ಉಗ್ರಾಣದವನು. "ಇಲಿ ಇಲ್ಲದ ಉಗ್ರಾಣ ಎಲ್ಲಿದೆ? ಹಿಂದೆ ಎಂದೂ ಕವಚಕ್ಕೆ ಬಾಯಿ ಹಾಕಿದ್ದಿಲ್ಲ ಬಿಡಿ. ಹತ್ತಿಯಲ್ಲಿ ಅವಕ್ಕೇನು ಸಿಗುತ್ತದೆ?"

ಪಾರುಪತ್ಯಗಾರನಿಗೆ ಮೊರದ ಜೋಳ, ಬೆಲ್ಲ ನೆನಪಾಯಿತು. ಸಿಂಪಿಗನ ಹಿರಿಯರು ಹೇಳಿದ್ದು ಯಾಕೆ ಎಂಬುದು ಆ ಕ್ಷಣದಲ್ಲಿ ಅವನಿಗೆ ತಿಳಿಯಿತು. ಮನೆಯ ಕೌದಿಯಲ್ಲಿ ಮನುಷ್ಯರು ಮಲಗುತ್ತಾರೆ, ಅದು ಬಿಸಿಲು ಕಾಣುತ್ತದೆ, ಕಾಲಬುಡದಲ್ಲಿ ಬೆಕ್ಕು ಮಲಗಿರುತ್ತದೆ. ಅಲ್ಲಿ ಕಾಳಿದ್ದರೂ ಕೇಡಿಲ್ಲ. ಇದು ಬಾಗಿಲು ಮುಚ್ಚಿದ ಉಗ್ರಾಣ.

ಉಗ್ರಾಣದವನನ್ನು ಬಂಡಿ ಇಳಿಸಲು ಕಳಿಸಿ, ತಾನೊಬ್ಬನೇ ಒಳಗೆ ಹೋದ. ಮೇಲಿನದೊಂದು ಕವಚ ಎತ್ತಿಕೊಂಡ. ಹೊರಗಿನ ಬಟ್ಟೆ ಸರಿಯಾಗಿತ್ತು, ಒಳಗಿನದೂ ಸರಿಯಾಗಿತ್ತು. ಕಂಕುಳಿನ ಹೊಲಿಗೆಯಲ್ಲಿ ಒಂದು ಸಣ್ಣ ಬಿರುಕು. ಅದರಲ್ಲಿ ಬೆರಳು ಹಾಕಿದ. ಬೆರಳು ಹೋಯಿತು, ಕೈ ಹೋಯಿತು. ಎದೆಯ ಎಡಭಾಗದಲ್ಲಿ ಪದರಗಳೂ ಇಲ್ಲ, ಹತ್ತಿಯೂ ಇಲ್ಲ. ಅಂಗೈಯಗಲದ ಒಂದು ಗೂಡು. ಕಾಳು ಇಟ್ಟ ಜಾಗವನ್ನೇ ಹುಡುಕಿಕೊಂಡು ಹೋಗಿ ಇಲಿಗಳು ತಿಂದು ಮುಗಿಸಿದ್ದವು.

ಇನ್ನೊಂದನ್ನು ನೋಡಿದ. ಮತ್ತೊಂದನ್ನು ನೋಡಿದ. ಕೆಲವು ಉಳಿದಿದ್ದವು. ಹೆಚ್ಚಿನವು ಉಳಿದಿರಲಿಲ್ಲ. ಅಷ್ಟರಲ್ಲಿ ಬಂಡಿಯಿಂದ ಇಳಿಸಿ ಬಾಗಿಲೊಳಗೆ ಇಟ್ಟಿದ್ದ ಹತ್ತಿಯ ಮೂಟೆಯ ಮೇಲೆ ಕುಸಿದು ಕುಳಿತ.

ಹೇಳಿದರೆ ಏನಾಗುತ್ತದೆ? ದಳವಾಯಿ ಕೂಗಾಡುತ್ತಾನೆ. ರಾಜನವರೆಗೆ ಸುದ್ದಿ ಹೋಗುತ್ತದೆ. ಮೂಡಣದವರ ಕೈಗೆ ಇನ್ನೆಂದೂ ಅರಮನೆಯ ಕೆಲಸ ಸಿಗುವುದಿಲ್ಲ. ಒಲೆಗಳು ಆರುತ್ತವೆ, ಕೊಡಲಿಗಳು ಮೂಲೆಯಿಂದ ಹೊರಗೆ ಬರುತ್ತವೆ. ತನ್ನ ತಲೆಯಂತೂ ಹೋಗುತ್ತದೆ, ಅದು ಇರಲಿ ಎಂದುಕೊಂಡ. ಹಾಗೆ ಅಂದುಕೊಳ್ಳುವಾಗಲೇ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ರೇವಯ್ಯ, ಭಯಕ್ಕೆ ಒಂದು ಒಳ್ಳೆಯ ಹೆಸರು ಸಿಕ್ಕರೆ ಅದು ಭಯವೆಂದೇ ಕಾಣುವುದಿಲ್ಲ. ಅವನು ತನ್ನ ಕುತ್ತಿಗೆಯ ಭಯಕ್ಕೆ ಮೂಡಣ ಸೀಮೆಯ ಒಲೆಯ ಹೆಸರು ಇಟ್ಟುಕೊಂಡ.

ಬಾಗಿಲ ಬಳಿ ನೆರಳು ಬಿತ್ತು. ಬೆಚ್ಚಿ ಎದ್ದ. ಮೂಡಣದ ಒಬ್ಬ ಯುವಕ ಸಿಪಾಯಿ ನಿಂತಿದ್ದ. ರುಮಾಲಿನ ಮಡಿಕೆಯಲ್ಲಿ ದಾರ ಸುತ್ತಿದ ಸೂಜಿ ಸಿಕ್ಕಿಸಿಕೊಂಡಿದ್ದ. ಆ ಸೀಮೆಯ ಗಂಡಸರು ಹಾಗೆಯೇ, ಮೂಡಣದವನು ಕತ್ತಿ ಮರೆತಾನು, ಸೂಜಿ ಮರೆಯನು ಎಂದು ದಂಡಿನಲ್ಲಿ ಉಳಿದವರು ಅವರನ್ನು ಆಡಿಕೊಳ್ಳುತ್ತಿದ್ದರು.

"ಅವ್ವ ಹೊಲದ ಅಂಗಿ ಬಂತೇನ್ರಿ, ಧಣೇರ?" ಎಂದು ಕೇಳಿದ.

ಅವನು ಆ ತಾಯಿಯ ಮಗ. ತಾನು ಮಗ್ಗ ಸೀಳಿದ್ದನ್ನೂ ಧಣಿ ಬಂದು ತಡೆದದ್ದನ್ನೂ ಅವಳು ಯಾರ ಕೈಯಲ್ಲೋ ಹೇಳಿ ಕಳಿಸಿದ್ದಳು. ಉಳಿದರ್ಧ ಮಗ್ಗ ನಿಮ್ಮಿಂದ ಉಳಿಯಿತು ಎಂದು ಅವನು ಕೈಮುಗಿದ. ಅವ್ವ ತನ್ನ ಕೆಲಸದ ಕಂಕುಳಲ್ಲಿ ಒಂದು ಕೆಂಪು ಎಳೆ ಹಾಕುತ್ತಾಳೆ, ಅದು ತನಗೇ ಸಿಗಬೇಕು, ಬೇರೆಯವರ ಪಾಲಾಗಬಾರದು ಎಂದ. ಎದೆ ಮುಟ್ಟಿಕೊಂಡು, ಇಲ್ಲಿ ಅವಳು ಕಾಳು ಇಟ್ಟಿರುತ್ತಾಳೆ, ಇನ್ನು ನನಗೇನೂ ಆಗುವುದಿಲ್ಲ ಎಂದ.

ಪಾರುಪತ್ಯಗಾರ ಬಾಯಿ ತೆರೆದ. ಮಾತು ಗಂಟಲವರೆಗೆ ಬಂದಿತ್ತು. ಸಂಜೆ ಕೊಡುತ್ತಾರೆ ಹೋಗಪ್ಪ ಎಂದು ಹೇಳಿ ಕಳಿಸಿದ.

ದಳವಾಯಿ ಬಂದ. ಒಂದು ಕವಚ ಎತ್ತಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಮುಖ ಅರಳಿಸಿದ. ಅಂದು ಸಭೆಯಲ್ಲಿ ನಾನು ಒರಟಾಗಿ ಮಾತಾಡಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದ. ಆಮೇಲೆ ನೇರವಾಗಿ ಕೇಳಿದ.

"ನೀವು ಒಳಗೆಲ್ಲ ನೋಡಿದಿರಲ್ಲ. ಎಲ್ಲಾ ಸರಿಯಾಗಿವೆಯೆ?"

"ಸರಿಯಾಗಿವೆ," ಎಂದ ಪಾರುಪತ್ಯಗಾರ.

ಅಷ್ಟೇ ಹೇಳಿದ. ಹೇಳಿದ ಮೇಲೆ ಉಗ್ರಾಣದ ಮೂಲೆಯಲ್ಲಿ ಮತ್ತೆ ಸರಸರ ಸದ್ದಾಯಿತು. ದಳವಾಯಿಗೆ ಕೇಳಿಸಲಿಲ್ಲ.

ಸಂಜೆ ಕವಚ ಹಂಚಿದರು. ಹುಡುಗರು ತಮ್ಮ ತಮ್ಮ ಮನೆಯ ಹೊಲಿಗೆಯನ್ನು ಗುರುತು ಹಿಡಿದು, ಕಿತ್ತಾಡಿ, ನಗುತ್ತಾ ತೊಟ್ಟುಕೊಂಡರು. ಆ ತಾಯಿಯ ಮಗ ಕೆಂಪು ಎಳೆಯ ಕವಚ ತೊಟ್ಟು ಪಾರುಪತ್ಯಗಾರನ ಮುಂದೆ ಬಂದು ನಿಂತ. ಎಡ ಎದೆಯನ್ನು ಒತ್ತಿ ನೋಡಿಕೊಂಡ.

"ಇಲ್ಲಿ ಭಾಳ ಮೆತ್ತಗೈತ್ರಿ," ಎಂದ. "ನನಗಂತ ಅವ್ವ ಹತ್ತಿ ಹೆಚ್ಚಿಗಿ ಹಾಕ್ಯಾಳ."

ಪಾರುಪತ್ಯಗಾರ ಅಂದು ಊಟ ಮಾಡಲಿಲ್ಲ. ದೇವರ ಹೆಸರು ಹೇಳಿಕೊಳ್ಳಲು ನೋಡಿದ. ನಾಲಿಗೆ ಏಳಲಿಲ್ಲ. ಸರಿಯಾಗಿವೆ ಎಂದ ನಾಲಿಗೆ ಅದು.

ಯುದ್ಧ ಗೆದ್ದರು. ಮೊದಲ ಸಾಲಿನಲ್ಲಿ ಮಾತ್ರ ಹೆಚ್ಚಿನವರು ಉಳಿಯಲಿಲ್ಲ. ಸತ್ತವರಿಗೆಲ್ಲ ಎದೆಯ ಎಡಗಡೆಯೇ ಬಾಣ. ಶತ್ರುವಿನ ಬಿಲ್ಲುಗಾರರು ಬಹಳ ಗುರಿಗಾರರು ಎಂದು ದಳವಾಯಿ ಕಣ್ಣೊರೆಸಿಕೊಂಡ. ಕವಚದೊಳಗೆ ಕೈ ಹಾಕಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ತೊಟ್ಟ ಉಡುಪಿನಲ್ಲೇ ಅವರನ್ನು ಮಣ್ಣು ಮಾಡಿದರು. ಪಾರುಪತ್ಯಗಾರನ ಗುಟ್ಟೂ ಮಣ್ಣಿಗೆ ಹೋಯಿತು. ಆದರೆ ಭಯ ಹೋಗಲಿಲ್ಲ. ಒಣಗಿದ ಎಲೆ ಗಾಳಿಗೆ ಉರುಳಿದರೆ ಬೆಚ್ಚುತ್ತಿದ್ದ. ಹೆಂಡತಿ ಮೊರದಲ್ಲಿ ಅಕ್ಕಿ ಕೇರಿದರೆ, ಸಾಕು ನಿಲ್ಲಿಸು ಎನ್ನುತ್ತಿದ್ದ.

ರಾಜ ಸಭೆ ಕರೆದ. ಮೂಡಣ ಸೀಮೆ ತನ್ನ ಮಕ್ಕಳನ್ನು ಕೊಟ್ಟಿದೆ, ದುಡಿಯುವ ಕೈ ಹೋದ ಮನೆಗಳಿಗೆ ಕೆಲಸ ಕೊಡದೆ ಇರುವುದು ಹೇಗೆ ಎಂದ. ಶತ್ರು ಮತ್ತೆ ಬರುವ ಸುದ್ದಿಯಿತ್ತು. ಹೊಸ ಸಾಲಿಗೆ ಹೊಸ ಕವಚಗಳು ಬೇಕಿದ್ದವು. ಈ ಸಲ ದಳವಾಯಿಯೇ ಮೂಡಣದ ಹೆಸರು ಹೇಳಿದ. ರಾಜ ಪಾರುಪತ್ಯಗಾರನಿಗೆ ರೇಷ್ಮೆಯ ಶಾಲು ಹೊದಿಸಿದ. ರೇಷ್ಮೆ ಕಿವಿಯ ಬಳಿ ಸರಸರ ಎಂದಿತು. ಅವನು ಸಭೆಯ ನಡುವೆಯೇ ಕಿವಿ ಮುಚ್ಚಿಕೊಂಡ. ಆನಂದಕ್ಕೆ ಹೀಗಾಯಿತು ಎಂದು ಎಲ್ಲರೂ ತಿಳಿದರು.

ಹತ್ತಿಯ ಬಂಡಿಗಳ ಜೊತೆ ಅವನು ಮತ್ತೆ ಮೂಡಣ ಸೀಮೆಗೆ ಬಂದ. ಜಗಲಿಗಳಲ್ಲಿ ಹೆಂಗಸರು ಮತ್ತೆ ಸಾಲಾಗಿ ಕುಳಿತರು. ಯಾರೂ ಅವನನ್ನು ಬೈಯಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟರು. ಆ ತಾಯಿಯ ಮನೆಯ ಮುಂದೆ ಹೋಗಲು ಅವನಿಗೆ ಕಾಲು ಬರಲಿಲ್ಲ. ಆದರೂ ಹೋದ. ಹೋಗದಿದ್ದರೆ ಅದು ಇನ್ನೂ ದೊಡ್ಡ ಭಯವಾಗಿ ಹಿಂದೆ ಬರುತ್ತಿತ್ತು.

ಅವಳು ಒಂದು ಕವಚ ಮುಗಿಸುತ್ತಿದ್ದಳು. ಈಗ ಅವಳಿಗೆ ಹೊಲಿದು ಕಳಿಸಲು ಮಗನಿರಲಿಲ್ಲ. ಎದುರು ಮನೆಯವಳ ಕಿರಿಯ ಮಗ ದಂಡಿಗೆ ಸೇರಿದ್ದ, ಅವನಿಗಾಗಿ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಉಳಿದಿತ್ತು. ಮೊರಕ್ಕೆ ಕೈ ಹಾಕಿದಳು. ಈ ಸಲ ಚಿಟಿಕೆಯಲ್ಲ, ಮುಷ್ಟಿ ತುಂಬ ತೆಗೆದುಕೊಂಡಳು.

ಅವನು ನೋಡುತ್ತಿರುವುದನ್ನು ಕಂಡು ನಾಚಿದವಳಂತೆ ಹೇಳಿದಳು.

"ಹ್ವಾದ ಸಲ ಒಂದ ಚಿಟಿಕಿ ಇಟ್ಟಿದ್ನಿ. ಸಾಲಲಿಲ್ಲಂತ ಕಾಣಸ್ತೈತಿ."

ಅವನು ಮುಂದೆ ಬಗ್ಗಿ ಅವಳ ಮಣಿಕಟ್ಟು ಹಿಡಿದುಕೊಂಡ. ಬೇಡ ತಾಯಿ ಎಂದ. ಅವಳು ಯಾಕೆ ಎಂದು ಕೇಳಿದಳು. ಹಿಂದೆ ಸಿಂಪಿಗನನ್ನು ಅವನೇ ಕೇಳಿದ ಮಾತು ಅದು. ಅಂದು ಬೇಡ ಎಂದವನಿಗೆ ಕಾರಣ ಗೊತ್ತಿರಲಿಲ್ಲ. ಇಂದು ಬೇಡ ಎಂದವನಿಗೆ ಗೊತ್ತಿತ್ತು. ಈ ತಾಯಿಗೆ ಹೇಗೆ ಹೇಳುವುದು? ಹೇಳದೆ ಬಿಟ್ಟರೆ ಎದುರು ಮನೆಯ ಮಗನ ಗತಿಯೇನು? ಅಂಗಳದಲ್ಲಿ ಅರ್ಧ ಸೀಳಿದ ಮಗ್ಗ ಇನ್ನೂ ಬಿದ್ದಿತ್ತು. ಅವನು ನೆಲದ ಮೇಲೆ ಕುಳಿತ. ಕುಳಿತು, ಉಗ್ರಾಣದ ಬಾಗಿಲು ತೆರೆದಲ್ಲಿಂದ ಹಿಡಿದು ಸರಿಯಾಗಿವೆ ಎಂದು ಹೇಳಿದ್ದರವರೆಗೆ, ಕೆಂಪು ಎಳೆಯ ಕವಚದವರೆಗೆ, ಒಂದನ್ನೂ ಬಿಡದೆ ಹೇಳಿದ. ಹೇಳಿದರೆ ನಿಮ್ಮ ಕೆಲಸ ಹೋಗುತ್ತದೆ, ಒಲೆ ಆರುತ್ತದೆ ಎಂದು ಹೆದರಿದೆ ತಾಯಿ ಎಂದ. ನನ್ನ ತಲೆಗೂ ಹೆದರಿದೆ ಎಂದ.

ಅವಳು ಅಳಲಿಲ್ಲ. ಮುಷ್ಟಿ ಬಿಚ್ಚಿ ಕಾಳನ್ನು ಮೊರಕ್ಕೆ ಸುರಿದಳು. ಅಂಗೈಗೆ ಅಂಟಿದ್ದ ಒಂದೆರಡನ್ನೂ ಒರೆಸಿ ಹಾಕಿದಳು. ಹೊಲಿಯುತ್ತಿದ್ದ ಸೂಜಿಯನ್ನು ಎತ್ತಿ ಹಿಡಿದಳು.

"ನನ್ನ ಮಗನ ರುಮಾಲಿನ್ಯಾಗ ಸೂಜಿ ಇತ್ತಲ್ಲೋ, ಯಪ್ಪಾ," ಎಂದಳು.

ಆಗ ಪಾರುಪತ್ಯಗಾರನಿಗೆ ತಾನು ಅಂದು ಕುಸಿದು ಕುಳಿತದ್ದು ಯಾವುದರ ಮೇಲೆ ಎಂಬ ನೆನಪಾಯಿತು. ಅದು ಹತ್ತಿಯ ಮೂಟೆ. ಹೊರಗೆ ಕೋಟೆಯ ಅಂಗಳದ ತುಂಬ ಮೂಡಣದ ಹುಡುಗರಿದ್ದರು, ಸೂಜಿ ಇಲ್ಲದ ಒಂದು ರುಮಾಲೂ ಅಲ್ಲಿರಲಿಲ್ಲ. ಒಂದು ಮಾತು ಹೇಳಿದ್ದರೆ ದೀಪ ಹಚ್ಚುವ ಹೊತ್ತಿಗೆ ಅವರೇ ಬಿಚ್ಚಿ, ತುಂಬಿ, ಹೊಲಿದು ಮುಗಿಸುತ್ತಿದ್ದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ರೇವಯ್ಯ ಮೆಲ್ಲಗೆ, ಹಾಗಾದರೆ ಹಸಿದವರಿಗೆ ಕೊಡದೆ, ಬಲ್ಲವರಾದ ಆ ಸಿಂಪಿಗರಿಗೇ ಕೊಡಬೇಕಾಗಿತ್ತಲ್ಲವೇ ಗುರುಗಳೆ ಎಂದ.

ಗುರುಗಳು ಅವನ ಮುಖ ನೋಡಿದರು.

"ಹಸಿದವನು ಒಬ್ಬ, ಬಲ್ಲವನು ಇನ್ನೊಬ್ಬ ಅಂತ ನಿನಗೆ ಹೇಳಿದವರು ಯಾರು, ಮಗು? ಸೂಜಿ ಇದ್ದದ್ದು ಯಾರ ರುಮಾಲಿನಲ್ಲಿ?"

ರೇವಯ್ಯ ಅಡ್ಡಬಿದ್ದು ಎದ್ದು, ತನ್ನ ಸೀಮೆಯ ದಾರಿ ಹಿಡಿದ.

ಇದನ್ನು ಕೇಳಿದ ನಿಮ್ಮೆಲ್ಲರ ಒಲೆಗಳು ಉರಿಯುತ್ತಿರಲಿ. ನಿಮ್ಮ ಮಕ್ಕಳು ತೊಟ್ಟ ಅಂಗಿ ಅವರನ್ನು ಕಾಯಲಿ. ಹೇಳಬೇಕಾದ ಮಾತು ನಿಮ್ಮ ಗಂಟಲಲ್ಲಿ ಉಳಿಯದಿರಲಿ. ಎಲ್ಲರ ಎದೆಯೊಳಗೆ ಕುಳಿತವನು ನಿಮ್ಮ ಎದೆಯನ್ನು ಬರಿದಾಗಲು ಬಿಡದಿರಲಿ.